ಒಂದು ಬೆರಳಗಲದ ಅಂಚು

ದೀಪಾವಳಿಗೆ ಮುಂಚೆ ಕಪಾಟು ಒರೆಸುವುದು ನಮ್ಮ ಮನೆಯ ಪದ್ಧತಿ. ಈ ಸಲ ಹಳೆಯ ಡೈರಿಗಳ ಕಟ್ಟು ಬಿಚ್ಚಿ ಒಂದೊಂದನ್ನೇ ಕೊಡವುತ್ತಿದ್ದಾಗ ಒಂದರ ನಡುವಿನಿಂದ ಕಾಗದದ ಪಟ್ಟಿ ಜಾರಿ ಬಿತ್ತು. ಬೆರಳಗಲ, ಎರಡು ಗೇಣು ಉದ್ದ. ಮೂಗಿನ ಹತ್ತಿರ ಹಿಡಿದೆ. ಗಂಜಿ ಹಾಕಿ ಮಡಚಿಟ್ಟು ಮರೆತುಬಿಟ್ಟ ಧೋತರದ ವಾಸನೆ. ಎರಡೂ ತುದಿಗಳಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಅದೇನೆಂದು ತಕ್ಷಣ ಗೊತ್ತಾಯಿತು ಎಂದು ಬರೆಯಲು ಹೊರಟಿದ್ದೆ, ನಿಜವಲ್ಲ. ಮೊದಲು ಕಸದ ಬುಟ್ಟಿಯ ಕಡೆಗೇ ಕೈ ಚಾಚಿದ್ದೆ. ಆಗ ಹೆಬ್ಬೆರಳಿಗೆ ಕಾಗದದ ಉದ್ದಕ್ಕೂ ಓಡುವ ಒಂದು ತಗ್ಗು ತಾಗಿತು. ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ತಗ್ಗಿನ ವಿಷಯ ಹೇಳಬೇಕಾದರೆ ನನ್ನ ಹುಚ್ಚಿನ ವಿಷಯವನ್ನೂ ಹೇಳಬೇಕು. ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ನನಗೆ ಹಳೆಯ ಕಟ್ಟಡಗಳ ಅಚ್ಚುಚಿತ್ರ ಕೂಡಿಹಾಕುವ ಚಟ ಹತ್ತಿದ್ದು ಹುಬ್ಬಳ್ಳಿಯ ಒಂದು ರದ್ದಿ ಅಂಗಡಿಯಲ್ಲಿ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆದ ಚಿತ್ರಗಳು ಅವು. ಬೆನ್ನು ಹರಿದ ಯಾವ ಪುಸ್ತಕದಿಂದ ಬಂದಿದ್ದವೋ. ಕಂಬಸಾಲು, ಕಮಾನು, ಮೆಟ್ಟಿಲು, ಚೌಕಳಿ ನೆಲ; ಎಲ್ಲ ಗೆರೆಗಳೂ ದೂರದ ಒಂದೇ ಚುಕ್ಕೆಯತ್ತ ಓಡುತ್ತವೆ. ಆ ಊರುಗಳನ್ನು ನಾನು ನೋಡಿಲ್ಲ. ನೋಡಬೇಕೆಂಬ ಆಸೆಯೂ ಇರಲಿಲ್ಲ. ಸಂಜೆ ಕಾಲೇಜಿನಿಂದ ಬಂದು ಆ ಚುಕ್ಕೆಯವರೆಗೆ ಕಣ್ಣಿನಲ್ಲಿ ನಡೆದುಹೋಗಿ ತಿರುಗಿ ಬಂದರೆ ಸಾಕಾಗುತ್ತಿತ್ತು. ನಮ್ಮವ್ವ ಮಾತ್ರ, "ಇಷ್ಟ ದೊಡ್ಡ ಪಡಸಾಲಿ, ಒಬ್ಬರೂ ಮಂದಿ ಇಲ್ಲ. ಕಸಾ ಯಾರ ಹೊಡೀತಾರ?" ಎಂದು ಕೇಳುತ್ತಿದ್ದಳು.

ಅವ್ವನ ಪ್ರಶ್ನೆಯನ್ನು ಹೊಸಮನಿ ಮಾಸ್ತರ ಮುಂದೆ ಇಟ್ಟದ್ದು ನೆನಪಿದೆ. ಅವರು ಮಾಳಮಡ್ಡಿಯಲ್ಲಿದ್ದ ನಿವೃತ್ತ ಡ್ರಾಯಿಂಗ್ ಮಾಸ್ತರು, ನನಗಿಂತ ಮೂವತ್ತು ವರ್ಷ ಮೊದಲೇ ಇದೇ ಹುಚ್ಚು ಹಿಡಿಸಿಕೊಂಡವರು. ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರು ಹೊಸ ಹಾಳೆ ತಂದರೂ ಮೊದಲು ಚಿತ್ರದ ಮೇಲೆ ಸುದ್ದಿಪತ್ರಿಕೆ ಮುಚ್ಚಬೇಕು. ಕಾಣಬೇಕಾದದ್ದು ಸುತ್ತಲಿನ ಬಿಳಿ ಅಂಚು ಮಾತ್ರ. ಕೈ ತೊಳೆದು ಒರೆಸಿಕೊಂಡು, ಕಣ್ಣು ಮುಚ್ಚಿ, ತಗಡು ಒತ್ತಿದಾಗ ಮೂಡಿದ ತಗ್ಗಿನ ಮೇಲೆ ಬೆರಳಾಡಿಸಬೇಕು. ಆಮೇಲೆ ಭೂತಗನ್ನಡಿ ಹಿಡಿದು ಕೆಳಗಿನ ಹೆಸರುಗಳನ್ನು ಓದಬೇಕು. ಚಿತ್ರ ಕೊನೆಗೆ. ಅವಸರ ಮಾಡಿದವರಿಗೆ ಚಹಾ ತಡವಾಗುತ್ತಿತ್ತು. ಅವ್ವನ ಮಾತು ಕೇಳಿ ಮಾಸ್ತರು ಬಹಳ ನಕ್ಕರು. "ಮಂದಿ ಇಲ್ಲಂತ ಯಾರಂದ್ರು? ಎಡಕ್ಕ ಚಿತ್ರಾ ತಗದಾಂವ, ಬಲಕ್ಕ ತಾಮ್ರಾ ಕೊರದಾಂವ. ಮೊದಲ ಅವರನ್ನ ಮಾತಾಡಸ್ರಿ. ಪಡಸಾಲಿ ಎಲ್ಲೂ ಓಡಿ ಹೋಗೂದಿಲ್ಲ."

ಭಾನುವಾರಗಳಲ್ಲಿ ಅಲ್ಲಿಗೆ ಬರುತ್ತಿದ್ದ ಇನ್ನೊಬ್ಬ ಈರಣ್ಣ. ಶಿರಗುಪ್ಪಿಯಿಂದ ಬಂದು ಹುಬ್ಬಳ್ಳಿಯಲ್ಲಿ ಚೌಕಟ್ಟಿನ ಅಂಗಡಿ ಇಟ್ಟಿದ್ದ. ದಿನವೆಲ್ಲ ದೇವರ ಕ್ಯಾಲೆಂಡರುಗಳಿಗೂ ತೀರಿಹೋದವರ ಫೋಟೋಗಳಿಗೂ ಕಾಜು, ಅಂದರೆ ಗಾಜು, ಕೂಡಿಸುವವ. ಅವನ ಕಸುಬಿನವರಿಗೆಲ್ಲ ಒಂದೇ ಅಭ್ಯಾಸ: ಚೌಕಟ್ಟಿಗೆ ಹೆಚ್ಚಾದದ್ದನ್ನು ಕೊಯ್ದು ಬಿಸಾಡುವುದು. ಮಾಸ್ತರು ಅದನ್ನು ಅವನಿಂದ ಬಿಡಿಸಿದ್ದರು. "ಊರಾಗ ಅಂಚ ಮುಟ್ಟದಾಂವ ಇವ ಒಬ್ಬನ" ಎಂದು ಅವನ ಎದುರಿಗೇ ಹೇಳಿದರೆ ಆ ದೊಡ್ಡ ಮೀಸೆಯ ಮನುಷ್ಯ ಮದುಮಗನಂತೆ ತಲೆ ತಗ್ಗಿಸುತ್ತಿದ್ದ.

ನವನಗರದಲ್ಲಿ ನಾವು ಮನೆ ಕಟ್ಟಿಸಿದಾಗ ಮಾಸ್ತರು ತಮ್ಮ ಸಂಗ್ರಹದ ಒಂದು ಕಂಬಸಾಲನ್ನು ನನಗೆ ಉಡುಗೊರೆ ಕೊಟ್ಟರು. ವಾಸ್ತುಶಾಂತಿಗೆ ಅವರು ಬಂದಾಗ ಅದು ಗೋಡೆಯ ಮೇಲಿತ್ತು. ಅವರು ಮುಂದೆ ನಿಂತರು. ಕಾಜಿನ ಮೇಲೆ, ಕೆಳಗಿನ ಬಲಮೂಲೆಯಲ್ಲಿ, ಕೊರೆದವನ ಹೆಸರು ಇರಬೇಕಾದಲ್ಲಿ ಬೆರಳಿಟ್ಟರು. ಚಿತ್ರ ನೇರ ಚೌಕಟ್ಟಿನ ಕಟ್ಟಿಗೆಗೇ ಮುಟ್ಟಿತ್ತು.

"ಅಂಚ ಎಲ್ಲೈತಿ?"

"ಈರಣ್ಣ..." ಎಂದೆ ನಾನು.

ಅಷ್ಟೇ. ವಾಕ್ಯದ ಉಳಿದ ಭಾಗವನ್ನು ಮಾಸ್ತರೇ ಮನಸ್ಸಿನಲ್ಲಿ ಮುಗಿಸಿಕೊಂಡರು. ಊಟ ಮಾಡಿದರು, ಆಶೀರ್ವಾದ ಮಾಡಿದರು, ಹೋದರು. ಅಂದಿನಿಂದ ಅವರ ಒಂದು ಹಾಳೆಯೂ ಈರಣ್ಣನ ಅಂಗಡಿಗೆ ಹೋಗಲಿಲ್ಲ. ಭಾನುವಾರಗಳಿಗೆ ಅವನು ಬರುವುದೂ ನಿಂತಿತು. ಕೆಲವು ವರ್ಷಗಳಲ್ಲಿ ಮಾಸ್ತರು ತೀರಿಕೊಂಡರು.

ಪಟ್ಟಿ ಬಿದ್ದ ಡೈರಿಯನ್ನು ತೆಗೆದು ನೋಡಿದೆ. ವಾಸ್ತುಶಾಂತಿಯ ದಿನದ ಪುಟದಲ್ಲಿ ನನ್ನದೇ ದುಂಡು ಅಕ್ಷರ: "ಈರಣ್ಣ ಅಂಚು ಕತ್ತರಿಸಿಬಿಟ್ಟಿದ್ದಾನೆ. ಮಾಸ್ತರಿಗೆ ಬಹಳ ನೋವಾಯಿತು." ಇಷ್ಟು ವರ್ಷ ನಾನು ನಂಬಿದ್ದೂ ಅದನ್ನೇ. ಡೈರಿ ಬರೆಯುವವರಿಗೆ ಒಂದು ಸೊಕ್ಕು ಇರುತ್ತದೆ. ಬೇರೆಯವರದು ನೆನಪು, ನಮ್ಮದು ದಾಖಲೆ. ಆದರೆ ಈರಣ್ಣ ಕತ್ತರಿಸಿದ್ದರೆ ಈ ಪಟ್ಟಿ ನನ್ನ ಡೈರಿಗೆ ಬಂದದ್ದು ಹೇಗೆ? ಅವನೇ ತಂದುಕೊಟ್ಟಿರಬಹುದು ಎಂದು ಒಂದು ದಿನವಿಡೀ ವಾದ ಮಾಡಿಕೊಂಡೆ. ಮರುದಿನ ಪಟ್ಟಿಯನ್ನು ಮೇಜಿನ ಮೇಲೆ ಚಾಚಿ ನೋಡಿದೆ. ಕೊಯ್ದ ಬದಿ ನಡುವೆ ಸೊಟ್ಟಗಾಗಿ ಮತ್ತೆ ದಾರಿಗೆ ಬಂದಿತ್ತು. ಈರಣ್ಣನ ಚಾಕು ಹಾಗೆ ಎಂದೂ ಹೋಗುತ್ತಿರಲಿಲ್ಲ.

ಆಗ ನೆನಪು ಬಂತು. ಅಥವಾ ಬಂತೆಂದು ಅನಿಸಿತು. ಈಗ ಯಾವುದನ್ನು ನಂಬಲಿ? ಅಪ್ಪನ ಪದವಿಪತ್ರಕ್ಕೆ ಹಾಕಿಸಿದ್ದ ಸಾಗವಾನಿ ಚೌಕಟ್ಟು. ಅದರಲ್ಲೇ ಈ ಚಿತ್ರ ಇರಬೇಕೆಂಬ ನನ್ನ ಹಟ. ಚಿತ್ರ ಒಂದು ಬೆರಳು ಹೆಚ್ಚು. ಅಡಿಗೆಮನೆಯ ಕಟ್ಟೆ, ಸ್ಟೀಲಿನ ಅಳತೆಪಟ್ಟಿ, ಬ್ಲೇಡು. ಯಾರೋ ಹೂವಿನವರು ಬಂದರೆಂದು ಕರೆದಾಗ ಜಾರಿದ ಕೈ. ಕಾಜು ಕೂಡಿಸಲೆಂದು ಮಾತ್ರ ಅದು ಈರಣ್ಣನ ಅಂಗಡಿಗೆ ಹೋಗಿತ್ತು.

ಪಟ್ಟಿಯನ್ನೂ ಚಿತ್ರವನ್ನೂ ತೆಗೆದುಕೊಂಡು ಹುಬ್ಬಳ್ಳಿಗೆ ಹೋದೆ. ಈರಣ್ಣ ಇದ್ದಾನೆ. ಮೀಸೆ ಬೆಳ್ಳಗಾಗಿದೆ, ಕೈ ನಡುಗುವುದಿಲ್ಲ. ಪಟ್ಟಿಯನ್ನು ಮುಂದಿಟ್ಟೆ. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಕೊಯ್ದ ಬದಿಯನ್ನು ನೋಡಿದ.

"ಇದು ನನ್ನ ಕೈ ಅಲ್ಲರಿ, ಅಕ್ಕಾರ."

"ನಂದು," ಎಂದೆ.

"ಗೊತ್ತೈತ್ರಿ. ಕಾಜು ಕೂಡಸೂಮುಂದ ನೋಡಿದ್ನೆಲ್ಲ."

ಹಾಗಿದ್ದರೆ ಮಾಸ್ತರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತಪ್ಪು ಅವನದೇ ಎಂಬಂತೆ, ಸ್ವಲ್ಪ ಬಿರುಸಾಗಿಯೇ.

"ಹೇಳಿದ್ದೆರಿ. ಅವರ ಮನೀತನಕ ಹೋಗಿ ಹೇಳಿದ್ದೆ. ಅಕ್ಕಾರು ಅಂಥಾದ್ದು ಮಾಡಾಂಗಿಲ್ಲ, ತಪ್ಪಾಗಿದ್ರ ಒಪ್ಪಿಕೊ, ಮತ್ತೊಬ್ಬರ ಮ್ಯಾಲ ಹಾಕಬ್ಯಾಡ ಅಂದ್ರು." ಪಟ್ಟಿಯನ್ನು ಪಕ್ಕಕ್ಕಿಟ್ಟು, "ಚಹಾನೂ ಕೊಡಲಿಲ್ರಿ," ಎಂದ.

ನನಗೆ ಕ್ಷಮೆಯ ಮಾತು ಸಿದ್ಧವಾಗಿತ್ತು. ಬಸ್ಸಿನಲ್ಲಿ ಎರಡು ಸಲ ಹೇಳಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ. ಇದನ್ನು ಕೂಡಿಸಲು ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ, ಆದರೆ ಗೆರೆ ಕಾಣುತ್ತದೆ, ಅಪ್ಪನ ಚೌಕಟ್ಟು ಸಾಲುವುದಿಲ್ಲ ಎಂದ. ಕಾಣಲಿ, ಯಾರಾದರೂ ಕೇಳಿದರೆ ಕೊಯ್ದದ್ದು ನಾನೇ ಅಂತ ಹೇಳುತ್ತೇನೆ ಎಂದೆ.

ಈರಣ್ಣ ಹಿಟ್ಟಿನ ಅಂಟು ಕಲಸಲು ಬಟ್ಟಲು ಹುಡುಕುತ್ತಿದ್ದ. ತಿರುಗದೆಯೇ, "ಕೇಳೋರು ಹ್ವಾದ್ರಲ್ರಿ," ಎಂದ.

ಈಗ ಚಿತ್ರ ಮತ್ತೆ ನವನಗರದ ಗೋಡೆಯ ಮೇಲಿದೆ, ಅಗಲವಾದ ಹೊಸ ಚೌಕಟ್ಟಿನಲ್ಲಿ. ಅಪ್ಪನ ಚೌಕಟ್ಟು ಬರಿದಾಗಿ ಅಟ್ಟ ಸೇರಿದೆ. ಡೈರಿಯ ಆ ಸಾಲನ್ನು ಹೊಡೆದುಹಾಕಿಲ್ಲ. ಕೆಳಗೆ ಇವತ್ತಿನ ತಾರೀಖು ಹಾಕಿ ನಡೆದದ್ದನ್ನು ಬರೆದಿದ್ದೇನೆ, ನಡೆದದ್ದು ಅದೇ ಆಗಿದ್ದರೆ. ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಕಂಬಗಳ ಬುಡದಲ್ಲಿ ಗೆರೆ ಕಾಣುತ್ತದೆ, ನಡುವೆ ಸೊಟ್ಟಾದ ಗೆರೆ. ಈರಣ್ಣನ ಮಾತು ನಿಜ, ಯಾರೂ ಕೇಳುವುದಿಲ್ಲ. ಆದ್ದರಿಂದ ಕೇಳದವರಿಗೆ ಹೇಳಲು ಶುರುಮಾಡಿದ್ದೇನೆ. ಮೊನ್ನೆ ಪಾರ್ಸೆಲ್ ತಂದ ಕೊರಿಯರಿನವರನ್ನು ಒಳಗೆ ಕರೆದು ಗೆರೆ ತೋರಿಸಿದೆ. ಇದನ್ನು ನಾನು ಕೊಯ್ದೆ, ಕೆಟ್ಟ ಹೆಸರು ಮತ್ತೊಬ್ಬರಿಗೆ ಬಂತು ಎಂದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ಆತ್ರಿ ಅಕ್ಕಾರ. ಇಲ್ಲೊಂದು ಸಹಿ ಮಾಡ್ರಿ."

ಹಾಳೆಯ ಕೆಳಗೆ, ಬಲಕ್ಕೆ ಬೆರಳಿಟ್ಟು ತೋರಿಸಿದರು. ಅಲ್ಲಿ ನನ್ನ ಹೆಸರು ಬರೆದೆ.