ಮೂರನೆಯ ಸಲದ ಆಲೂಗೆಡ್ಡೆ

ಜರ್ಮನಿಯಲ್ಲಿ ಏನು ನೋಡಿದೆ ಎಂದು ಸಾಲಿಗ್ರಾಮದ ಸಂತೆಯಲ್ಲಿ ಯಾರಾದರೂ ಕೇಳಿದರೆ ನಾನು ಗಂಭೀರವಾಗಿ ಕೋಟೆ, ಇಗರ್ಜಿ, ರೈನ್ ನದಿ ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಆ ದೇಶದ ಚರಿತ್ರೆ ನನಗೆ ಅಷ್ಟಿಷ್ಟು ಅರ್ಥವಾದದ್ದು ಒಂದು ಬಟ್ಟಲು ಬೇಯಿಸಿದ ಆಲೂಗೆಡ್ಡೆಯಿಂದ.

ನೀರೆತ್ತುವ ಯಂತ್ರಗಳ ರಿಪೇರಿ ಕಲಿಯಲು ನಮ್ಮೂರು ಮಿರ್ಲೆ ಬಿಟ್ಟು ಹಡಗು ಹತ್ತಿದವನು ನಾನು. ಹೊರಡುವಾಗ ಅವ್ವ ಹೇಳಿದ್ದು ಇಷ್ಟೇ: "ಕಂಡೋರ ಮನೇಲಿ ಕೇಳಿದ ತಕ್ಷಣ ಹಾಕಿ ಅನ್ನಬ್ಯಾಡ ಕಣೋ. ಮರ್ಯಾದೆ ಓಯ್ತದೆ." ನಮ್ಮ ಕಡೆ ಎರಡು ಸಲ ಬೇಡ ಎಂದು, ಮೂರನೆಯ ಸಲಕ್ಕೆ ಎಲೆಗೆ ಅಡ್ಡ ಹಿಡಿದ ಕೈಯನ್ನು ಮೆಲ್ಲಗೆ ಸರಿಸುವುದು ಪದ್ಧತಿ. ಇದು ಬಡಿಸುವವರಿಗೂ ಗೊತ್ತು, ಉಣ್ಣುವವರಿಗೂ ಗೊತ್ತು.

ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಜರ್ಮನ್ ಅಜ್ಜಿಗೆ ಮಾತ್ರ ಗೊತ್ತಿರಲಿಲ್ಲ. ಇನ್ನಷ್ಟು ಬೇಕೇ ಎಂದರು, ಬೇಡ ಎಂದೆ. ಬಟ್ಟಲು ಒಳಗೆ ಹೋಯಿತು. ಎರಡನೆಯ ಸಲ ಎಂಬುದೇ ಆ ಮನೆಯಲ್ಲಿ ಇರಲಿಲ್ಲ. ಮಾಂಸ ಮುಟ್ಟದ ಶಿವಭಕ್ತನಿಗೆ ಅಲ್ಲಿ ಆಲೂಗೆಡ್ಡೆಯೇ ಗತಿ. ಮರ್ಯಾದೆಯೇನೋ ಉಳಿಯಿತು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು.

ಒಂದು ಮಧ್ಯಾಹ್ನ ಬೀದಿಯಲ್ಲಿ ನಿಂತು ಬ್ರೆಡ್ಡು ಕಚ್ಚುತ್ತಿದ್ದಾಗ ಅಜ್ಜಿಯ ಕಣ್ಣಿಗೆ ಬಿದ್ದೆ. ಅವರ ಮುಖ ಚಿಕ್ಕದಾಯಿತು. ತಮ್ಮ ಅಡುಗೆ ಸೇರುವುದಿಲ್ಲವೇ ಎಂದು ಕೇಳಿದರು. ಹರಕುಮುರುಕು ಜರ್ಮನ್ನಿನಲ್ಲಿ ಅವ್ವನ ಉಪದೇಶವನ್ನು ವಿವರಿಸಿದೆ. ಮೊದಲು ನಕ್ಕರು. ಆಮೇಲೆ, ಬಾಂಬು ಬಿದ್ದು ಮೋಟುಗೋಡೆಯಾಗಿ ನಿಂತಿದ್ದ ಎದುರುಮನೆಯ ಕಡೆ ನೋಡುತ್ತಾ, ಯುದ್ಧ ಮುಗಿದ ಚಳಿಗಾಲದಲ್ಲಿ ಆಲೂಗೆಡ್ಡೆ ಸಿಪ್ಪೆಯನ್ನೂ ಬೇಯಿಸಿ ತಿಂದದ್ದನ್ನು ಹೇಳಿದರು. ಆಗ ಬೇಡ ಎಂದವರು ತಮ್ಮ ಪಾಲನ್ನು ಮಕ್ಕಳಿಗೆ ಬಿಟ್ಟವರಂತೆ. ಅಂಥವರನ್ನು ಮತ್ತೆ ಒತ್ತಾಯ ಮಾಡಬಾರದೆಂಬುದು ಅಂದಿನಿಂದ ಅವರಿಗೆ ರೂಢಿಯಾಗಿತ್ತು. ನನ್ನ ಉಪಚಾರದ 'ಬೇಡ' ನೆನೆದು ನನಗೇ ನಾಚಿಕೆಯಾಯಿತು.

ಅವತ್ತಿನಿಂದ ಅಜ್ಜಿ ಬಟ್ಟಲು ಹಿಡಿದು, ಪೂಜೆಗೆ ನಿಂತವರ ಗಾಂಭೀರ್ಯದಲ್ಲಿ, ಮೂರು ಸಲ ಕೇಳತೊಡಗಿದರು. ಹೊಟ್ಟೆ ಬಿರಿಯುವಂತಿದ್ದ ದಿನವೂ ಮೂರನೆಯ ಸಲ ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಊರಿಗೆ ಹೊರಡುವ ಹೊತ್ತಿಗೆ ಪ್ಯಾಂಟಿನ ಗುಂಡಿ ಹಾಕುವುದೇ ಕಷ್ಟವಾಗಿತ್ತು.

ಮಿರ್ಲೆಗೆ ಬಂದವನು ಅವ್ವನಿಗೆ ಕೋಟೆಗಳ ಚಿತ್ರ ತೋರಿಸಿದೆ. ಅವಳು ಅವನ್ನು ಪಕ್ಕಕ್ಕಿಟ್ಟು, ಹೊಟ್ಟೆಗೆ ಏನು ಮಾಡಿದೆ ಎಂದಳು. ಮುದ್ದೆ ಮುರಿಯುತ್ತಾ ಎಲ್ಲವನ್ನೂ ಹೇಳಿದೆ. ಅವ್ವ ಮುದ್ದೆಯ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮೂರು ಸಲ ಕೇಳ್ತಿದ್ಲಾ? ಅಂಗಾರೆ ನೀನು ಅಸ್ಕೊಂಡಿರ್ತೀಯ ಅಂತ ನಾನು ದಿನಾ ಸುಮ್ಕೆ ಅತ್ತೆ ಕಣೋ," ಎಂದು, ಒಂದು ಸಲವೂ ಕೇಳದೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.