ಗೋರಖನಾಥ ಓದಬೇಕಿದ್ದ ಪೀಠಿಕೆ

ಔರಾದ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನ ಕಿರಾಣಿ ಅಂಗಡಿ. ನಾನು ಮಲ್ಲಿಕಾರ್ಜುನಪ್ಪ, ಬಾಯಿ ಸ್ವಲ್ಪ ಜೋರು. ಬಸ್ ಡ್ರೈವರ್ ಗೋರಖನಾಥ ನನ್ನ ಹಳೆಯ ಗೆಳೆಯ. ದಲಿತರಿಂದ ಬೌದ್ಧರಾದ ಮನೆತನದವನು, ಮಾತು ಕಡಿಮೆ. ಆದರೆ ಅವರ ಮಂದಿಯ ಮದುವೆಗಳಲ್ಲಿ ಸಂವಿಧಾನದ ಪೀಠಿಕೆ ಓದುವ ಪದ್ಧತಿ ಇದೆಯಲ್ಲ, ಅದಕ್ಕೆ ಮಾತ್ರ ಅವನೇ ಬೇಕು. ಭಾತಂಬ್ರಾ ಆಗಲಿ, ಮನ್ನಳ್ಳಿ ಆಗಲಿ, ರಜೆ ಹಾಕಿ ಹೋಗುತ್ತಿದ್ದ. ಚಪ್ಪಲಿ ಕಳಚಿ ನಿಲ್ಲುತ್ತಿದ್ದ. ಕೂತವರೆಲ್ಲ ಏಳುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಎಲ್ಲ ಬಾಯಿಪಾಠ.

"'ನಾವು' ಅಂತ ಅದಲ್ರಿ, ಇದ್ರಾಗ ನಾನೂ ಅದೀನ್ರಿ ಮಲ್ಲಣ್ಣ" ಅನ್ನುತ್ತಿದ್ದ.

ಒಬ್ಬಳೇ ಮಗಳು ವಿಶಾಖಾಳ ಮದುವೆಯಲ್ಲಿ ಓದಬೇಕೆಂಬುದು ಅವನ ಬಹಳ ದಿನದ ಆಸೆ. ವರ ಬೀದರದ ಬ್ಯಾಂಕೊಂದರಲ್ಲಿ ನೌಕರ. ಬೆಳಿಗ್ಗೆ ಮನೆಯವರಷ್ಟೇ ಸೇರಿ ಬುದ್ಧವಂದನೆ ಮಾಡಿ ಮದುವೆ ಮುಗಿಸಿದರು. ಮಧ್ಯಾಹ್ನ ಭಾಲ್ಕಿಯ ಫಂಕ್ಷನ್ ಹಾಲ್‌ನಲ್ಲಿ ಎಲ್ಲರಿಗೂ ಊಟ. ಅಲ್ಲಿ ಎಲ್ಲರ ಮುಂದೆ ಪೀಠಿಕೆ ಓದಲು ಗೋರಖನಾಥ ಮೈಕಿನ ಕಡೆ ಹೊರಟ. ವರನ ತಂದೆ ನಾಗಸೇನ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದ. ನಾನು ಬಿಡುತ್ತೇನೆಯೇ, ಹಿಂದೆಯೇ ಹೋದೆ.

"ಬ್ಯಾಡ್ರಿ ಬೀಗರೇ. ಬ್ಯಾಂಕಿನವ್ರು ಬಂದಾರ, ಕಾಲನಿಯವ್ರು ಬಂದಾರ. ನಾವ್ ಯಾವ ಮಂದಿ ಅಂತ ಅವ್ರಿಗೆ ಗೊತ್ತಿಲ್ಲ. ಹುಡುಗಿ ಅಪ್ಪ ಆಗಿ ನೀವ್ ಓದಿದ್ರ ಗೊತ್ತಾಗ್ತದ. ನಾಳಿ ನಿಮ್ಮ ಮಗಳೇ ಅಲ್ಲಿ ಬಾಳ್ಬೇಕ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ದೇಶದ ಸಂವಿಧಾನ ಓದ್ಲಿಕ್ಕ ಯಾರಪ್ಪನ ಪರವಾನಗಿ ಬೇಕ್ರಿ?" ಎಂದೆ.

ನಾಗಸೇನ ನನ್ನ ಹಣೆಯ ವಿಭೂತಿ ನೋಡಿದ. "ಹಂಗಾದ್ರ ನೀವೇ ಓದ್ರಿ ಸಾಹುಕಾರ್ರೇ. ನೀವ್ ಓದಿದ್ರ ಯಾರೂ ಏನೂ ಅನ್ಕೊಳ್ಳಲ್ಲ."

ಅವನ ದನಿಯಲ್ಲಿ ಸೊಕ್ಕಿರಲಿಲ್ಲ, ಭಯವಿತ್ತು. ಜಾತಿ ಕೇಳಿ ಬಾಡಿಗೆ ಮನೆ ಕೊಡದ ಓಣಿಗಳನ್ನೆಲ್ಲ ಸುತ್ತಿ ಬಂದ ಮನುಷ್ಯ. ನನ್ನಿಂದ ಆಗುವುದಿಲ್ಲ ಎಂದಷ್ಟೇ ಹೇಳಿದೆ.

ಗೋರಖನಾಥ ಎರಡೂ ಕೈಯಿಂದ ನನ್ನ ಕೈ ಹಿಡಿದ. "ಓದ್ರಿ ಮಲ್ಲಣ್ಣ. ಯಾರ ಬಾಯಿಂದಾದ್ರೂ ಆಗ್ಲಿ, ನನ್ನ ಮಗಳ ಮದಿವ್ಯಾಗ ಅದು ಕೇಳ್ಬೇಕು."

ಮೊಬೈಲಿನಲ್ಲಿ ಹುಡುಕಿ, ತಡವರಿಸುತ್ತ ಓದಿದೆ. ಮೊದಲ 'ನಾವು' ಬಂದಾಗಲೇ ನಿಂತು, ಆ ಸಾಲನ್ನು ಮತ್ತೆ ಮೊದಲಿಂದ ಓದಿದೆ. ವಿಶಾಖಾ ಅಪ್ಪನಿಗಾಗಿ ಸುತ್ತ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ಊಟದ ಸಾಲಿನ ಹತ್ತಿರ ನಿಂತಿದ್ದ ಗೋರಖನಾಥನ ತುಟಿಗಳು ದನಿಯಿಲ್ಲದೆ ನನಗಿಂತ ಮುಂದೆ ಓಡುತ್ತಿದ್ದವು.

ಮುಗಿದಾಗ ಜೋರು ಚಪ್ಪಾಳೆ. ಬ್ಯಾಂಕಿನ ಮ್ಯಾನೇಜರು ವೇದಿಕೆಗೇ ಬಂದು ನನ್ನ ಕೈ ಕುಲುಕಿದರು. "ಮದಿವ್ಯಾಗೂ ದೇಶ ನೆನೀತೀರಲ್ರಿ. ನಿಮ್ಮಂಥ ಮಂದಿ ಇರೋದಕ್ಕೇ ದೇಶ ಉಳಿದದ."

ನಾಚಿಕೆಯಿಂದ ನೆಲ ನೋಡಿದೆ. ಚಪ್ಪಾಳೆ ನಿಂತು ಮಂದಿ ಊಟದ ಕಡೆ ತಿರುಗಿದ್ದರು. ಗೋರಖನಾಥ ಒಬ್ಬನೇ ಇನ್ನೂ ತಟ್ಟುತ್ತಿದ್ದ.