ಗಂಗವ್ವ ಗಂಡನ ಹೆಸರು ಹೇಳಿದಳು

ಮೊನ್ನೆ ನಮ್ಮ ಕುಲಗೋಡದಲ್ಲಿ ಗಂಗವ್ವ ಗಂಡನ ಹೆಸರು ಹೇಳಿದಳು! ಅದೂ ಮಂದಿಯ ಎದುರಿಗೆ. ಅದೂ ಗಂಡ ಸತ್ತು ವರ್ಷವಾದ ಮೇಲೆ. ನಗಬೇಡಿ. ಆ ಒಂದು ಹೆಸರಿಗಾಗಿ ಅವಳ ಗೋಕಾಕದ ಬಸ್ಸೇ ನಿಲ್ಲುವುದಿತ್ತು.

ಅದು ಹೇಗೆ ಅನ್ನುತ್ತೀರಾ? ಕೇಳಿ.

ಮುದುಕರ ನೆನಪು ಹೇಗೆ ಸವೆಯುತ್ತದೆ ಅಂತ ನೋಡುವ ಸ್ಟಡಿಯವರು ಸುಮಾರು ವರ್ಷಗಳಿಂದ ನಮ್ಮ ಓಣಿಗೆ ಬರುತ್ತಿದ್ದಾರೆ. ಒಮ್ಮೆ ಬಂದು ಫೋಟೋ ಹೊಡೆದುಕೊಂಡು ಹೋಗುವ ಪೈಕಿ ಅಲ್ಲ. ಅದೇ ಮುದುಕರು, ಅವೇ ಪ್ರಶ್ನೆಗಳು, ಮತ್ತೆ ಮತ್ತೆ. ನಾಲ್ಕಾರು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳುತ್ತಾರೆ. ಗಡಿಯಾರ ಬರೆಸುತ್ತಾರೆ. (ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಗುಂಡಗೆ ಬರುವುದು ರೊಟ್ಟಿಯೊಂದೇ. ಅದನ್ನೇ ಬರೆದು ಎರಡು ಮುಳ್ಳು ಚುಚ್ಚಿದೆ.)

ಕೇಳುವವಳು ಶೋಭಾ, ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯವಳು. ಮೊದಲು ಬಂದಾಗ ಲಗ್ನವಾಗಿರಲಿಲ್ಲ. ಆಮೇಲೆ ಬಸುರಿಯಾಗಿ ಬಂದಳು. ಈ ಸಲ ಕನ್ನಡಕ ಹಾಕಿಕೊಂಡು ಬಂದಳು. ಅವಳು ನಮ್ಮನ್ನು ಅಳೆಯುತ್ತಾಳೆ, ನಾವು ಅವಳನ್ನು. ಲೆಕ್ಕ ಸಮ.

ಈ ಸಲ ಗಂಗವ್ವನಿಗೆ ದಿಗಿಲು. ಯಾಕೆಂದರೆ ಹೋದ ತಿಂಗಳು ಬೆಣ್ಣೆ ಮಾರಲು ಹೊರಟವಳು ಗೋಕಾಕದ ಬಸ್ಸೆಂದು ಮೂಡಲಗಿ ಬಸ್ಸು ಹತ್ತಿ, ಬೆಣ್ಣೆ ಡಬ್ಬಿ ಸಮೇತ ಮೂಡಲಗಿಯಲ್ಲಿ ಇಳಿದಿದ್ದಳು. ಮಗ ಶಿವಾನಂದ ಹೋಗಿ ಕರೆತಂದ. ಅಂದೇ ಹುಕುಂ ಹೊರಟಿತು:

"ಅವ್ವಾ, ಈ ಸಲ ಸ್ಟಡಿಯವರು ನಿನಗ ಮರವ ಐತಿ ಅಂದ್ರ ಮುಗೀತ. ಒಬ್ಬಾಕೀನ ಬಸ್ ಹತ್ತೂದ ಬಂದ್. ಬೆಣ್ಣಿ ನಾ ಒಯ್ದ ಕೊಟ್ಟ ಬರ್ತೀನಿ."

ಕೆಟ್ಟ ಮಗನಲ್ಲ. ಹೆದರಿದ್ದ, ಅಷ್ಟೇ. ಆದರೆ ಗಂಗವ್ವನಿಗೆ ಗೋಕಾಕವೆಂದರೆ ಬರೀ ಬೆಣ್ಣೆಯೇ? ಕಿಟಕಿ ಸೀಟು, ಬಿಸಿ ಚಹಾ, ಗಿರಾಕಿಗಳ ಜೊತೆ ಜಗಳ. ವಾರಕ್ಕೊಮ್ಮೆ ಯಾರ ಅವ್ವನೂ ಆಗದೆ, ಯಾರ ಅತ್ತೆಯೂ ಆಗದೆ ಅವಳು ತಿರುಗಾಡುವ ಊರು ಅದು.

ಗಂಗವ್ವನ ಪಡಸಾಲೆಯಲ್ಲಿ ಪ್ರಶ್ನೆ ಶುರುವಾಯಿತು. ನನ್ನ ಪಾಳಿ ಮುಂದಿನದು, ಹಾಗಾಗಿ ಗೋಡೆಗೆ ಒರಗಿ ಕೂತಿದ್ದೆ. ಶೋಭಾ ನನಗೆ ಬೆರಳು ತೋರಿಸಿದಳು: "ಕಾಕೂ, ನೀವು ತುಟಿ ಅಳ್ಳಾಡಿಸಿದ್ರೂ ಹೊರಗ ಕಳಸ್ತೀನ್ರಿ. ಯಾರೂ ಹೇಳಿಕೊಡೂವಂಗಿಲ್ಲ."

ಶಬ್ದಗಳು ಸರಿಯಾದವು. ಗಡಿಯಾರವೂ ಆಯಿತು. ಆಮೇಲೆ ಶೋಭಾ, "ಈ ಸಲ ಹೊಸ ಪ್ರಶ್ನಿ ಐತ್ರಿ ಆಯಿ. ಮನಿ ಮಂದಿ ಹೆಸರ ಹೇಳ್ರಿ" ಅಂದಳು.

ಗಂಗವ್ವ ಪಟಪಟ ಹೇಳಿದಳು. ಮಗ, ಸೊಸೆ, ಮೊಮ್ಮಕ್ಕಳು. ಕೇಳದಿದ್ದರೂ ಎಮ್ಮೆಯ ಹೆಸರು.

"ನಿಮ್ಮ ಯಜಮಾನ್ರ ಹೆಸರ್ರಿ?"

ಗಪ್‌ಚಿಪ್!

ನಮ್ಮ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಾರೇನು? ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಒಡಪು ಕಟ್ಟಿ, ಎರಡು ಸಾಲಿನ ಪ್ರಾಸದೊಳಗೆ ಸೇರಿಸಿ ಹೇಳಬೇಕು. ಅದೂ ಮುತ್ತೈದೆಯರು. ಗಂಡ ಹೋದವಳಿಗೆ ಒಡಪೂ ಇಲ್ಲ.

ಶೋಭಾಗೆ ಇದು ಗೊತ್ತಿಲ್ಲವೇ? ಗೊತ್ತು. ಆದರೆ ಸುಳಿವು ಕೊಟ್ಟರೆ ಇಷ್ಟು ವರ್ಷದ ಕೆಲಸ ಕೆಡುತ್ತದೆ. ಪೆನ್ನು ಹಿಡಿದು ಕಲ್ಲಿನ ಹಾಗೆ ಕೂತಳು. ನಾನು ತುಟಿ ಕಚ್ಚಿ ಕೂತೆ. ಬಾಗಿಲಲ್ಲಿ ಶಿವಾನಂದ. ಅವನ ಮುಖ ನೋಡಿದರೆ ಬೆಣ್ಣೆ ಡಬ್ಬಿ ಆಗಲೇ ಅವನ ಕೈಗೆ ಹೋದ ಹಾಗಿತ್ತು.

"ಗೊತ್ತಿಲ್ಲ ಅಂತ ಬರಕೊಳ್ಳೇನ್ರಿ ಆಯಿ?"

"ಗೊತ್ತಿಲ್ಲಂತ ಯಾರ ಅಂದ್ರವ್ವಾ?" ಗಂಗವ್ವ ಸಿಡಿದಳು. ಮಗನತ್ತ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬಂತು ನೋಡಿ:

"ನಸಕಿನ್ಯಾಗ ಎದ್ದ ಮೊಸರ ಕಡದೀನಿ,
ಮಲ್ಲಪ್ಪನವರ ಸಿಟ್ಟ ಸೆರಗಿನ್ಯಾಗ ಹಿಡದೀನಿ!"

ನಾನು ಚಪ್ಪಾಳೆ ಹೊಡೆದೆ. (ತುಟಿಗೆ ಮಾತ್ರ ಬಂಧನವಿತ್ತು, ಕೈಗೆ ಇರಲಿಲ್ಲ.) ಶೋಭಾ ಎದ್ದು ಕುಣಿಯುವುದೊಂದು ಬಾಕಿ. ಅಲ್ಲೇ ಫೋನು ಹಚ್ಚಿದಳು, ಈ ಸ್ಟಡಿ ಶುರುಮಾಡಿದ ದೊಡ್ಡ ಮೇಡಮ್ಮಿಗೆ. ಸ್ಪೀಕರ್ ಹಾಕಿದಳು.

"ಅಜ್ಜೀ, ಇನ್ನೊಮ್ಮೆ ಹೇಳ್ರಿ, ಪ್ಲೀಸ್!" ಮೇಡಂ ದನಿಯೂ ಶಾಲೆ ಹುಡುಗಿಯದಾಗಿತ್ತು.

"ಅದನ್ನ ಯಾಕ ತಿರುಗಿ? ಹೊಸಾದ ತಗೋರಿ" ಅಂದಳು ಗಂಗವ್ವ:

"ಗೋಕಾಕ ಪ್ಯಾಟ್ಯಾಗ ಹಸರ ಬಳಿ ಇಟ್ಟಾರ,
ಮಲ್ಲಪ್ಪನವರು ನೋಡಿ ನೋಡಿ ಸುಮ್ಮನ ಬಿಟ್ಟಾರ!"

ಫೋನಿನೊಳಗೆ ನಗೆಯೋ ನಗೆ. ನಗು ನಿಂತ ಮೇಲೆ ಮೇಡಂ ಹೇಳಿದ ಮಾತು ಕೇಳಿ: "ಶೋಭಾ, ಈ ಪ್ರಶ್ನಿಗೆ ಎಷ್ಟ ಮಂದಿ ಅಜ್ಜಿಯರು ಸುಮ್ಮನ ಕುಂತಾರೋ, ಅವರ ಮನಿಗೆಲ್ಲಾ ತಿರುಗಿ ಹೋಗೂಣು. ನಾನೂ ಬರ್ತೀನಿ."

ತಿರುಗಿ ಹೋಗುತ್ತಾರಂತೆ! ಊರೂರು, ಮನೆ ಮನೆ, ಒಂದೊಂದು ಹೆಸರಿಗಾಗಿ. ವೋಟು ಕೇಳಲು ಬಂದವರು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಮುದುಕಿಯ ಮಾತು ಪೂರ್ತಿ ಕೇಳಲಿಲ್ಲ ಅಂತ ತಿರುಗಿ ಬರುವವರೂ ಇದ್ದಾರಲ್ಲ!

ಶಿವಾನಂದ ಇನ್ನೂ ಬಾಗಿಲಲ್ಲೇ ಇದ್ದ. "ಹಂಗಾರ ನಮ್ಮವ್ವ ಪಾಸೇನ್ರಿ?"

"ಇದು ಪಾಸು-ನಪಾಸಿನ ಪರೀಕ್ಷಾ ಅಲ್ರಿ ಅಣ್ಣಾ" ಅಂದಳು ಶೋಭಾ. "ಯಾರದೂ ಬಸ್ ನಿಲ್ಲಸಾಕ ನಾವ್ ಬರೂದಿಲ್ಲ."

"ಮತ್ತ ಮೂಡಲಗಿ ಬಸ್ ಹತ್ತಿದ್ಲಲ್ರಿ?"

ಶೋಭಾ ಗಂಗವ್ವನ ಕಾಗದ ಮಡಚಿಟ್ಟಳು, ಬಸ್ಸಿನ ಮಾತು ಅವಳ ಪ್ರಶ್ನೆಗಳಲ್ಲಿ ಇಲ್ಲ. ನನ್ನ ಬಾಯಿಗೆ ಈಗ ಬಂಧನವಿರಲಿಲ್ಲ. ಕೇಳಿಯೇ ಬಿಟ್ಟೆ:

"ಏ ಶಿವ್ಯಾ, ನಿಮ್ಮಪ್ಪ ಬಸ್ಸಿನ್ಯಾಗ ನಿದ್ದಿ ಹೊಡದ ಹುಕ್ಕೇರಿತನಕ ಹೋಗಿ ಇಳದಿದ್ನಲ್ಲೋ, ಅವತ್ತ ಅವನ ಬಸ್ ಯಾರ ಬಂದ್ ಮಾಡಿದ್ರು?"